ಮೇ 21ರ ಪ್ರತಿಜ್ಞೆಯಲ್ಲಿ ಸತ್ತವರ ಹೆಸರಿಗೂ ಒಂದಿಷ್ಟು ಜಾಗ ಕೊಡಿ

ಇವರಿಗೆ,
ಮಾನ್ಯ ಕೇಂದ್ರ ಗೃಹ ಸಚಿವರು,
ನವದೆಹಲಿ.

ವಿಷಯ: ಭಯೋತ್ಪಾದಕ ದಾಳಿಗಳಲ್ಲಿ ಸತ್ತ ಸಾಮಾನ್ಯ ಜನರ ಹೆಸರುಗಳನ್ನು ಸರ್ಕಾರವೇ ದಾಖಲಿಸಿ, ವರ್ಷಕ್ಕೊಮ್ಮೆ ಓದಿಸುವ ಬಗ್ಗೆ.

ಮಾನ್ಯರೇ,

ಪ್ರತಿ ವರ್ಷ ಮೇ ತಿಂಗಳಲ್ಲಿ ನಿಮ್ಮ ಸಚಿವಾಲಯದಿಂದ ಒಂದು ಸುತ್ತೋಲೆ ಹೊರಡುತ್ತದೆ. ರಾಜ್ಯಕ್ಕೆ ಬಂದು, ಜಿಲ್ಲೆಗೆ ಇಳಿದು, ಕೊನೆಗೆ ನಮ್ಮಂಥವರ ಕಚೇರಿಯ ಟಪಾಲಿಗೆ ಸೇರುತ್ತದೆ. ಮೇ 21, ಭಯೋತ್ಪಾದನೆ ವಿರೋಧಿ ದಿನ, ಸಿಬ್ಬಂದಿಯೆಲ್ಲ ಪ್ರತಿಜ್ಞೆ ಸ್ವೀಕರಿಸಬೇಕು ಅಂತ. ನಾವೂ ಸ್ವೀಕರಿಸುತ್ತೇವೆ. ಕಾರಿಡಾರಿನಲ್ಲಿ ಸಾಲಾಗಿ ನಿಂತು ಬಲಗೈ ಮುಂದೆ ಚಾಚುತ್ತೇವೆ. ಸಾಹೇಬರು ಒಂದೊಂದೇ ತುಂಡು ಓದುತ್ತಾರೆ, ನಾವು ಹಿಂದೆಯೇ ಹೇಳುತ್ತೇವೆ. ಉದ್ದದ ಮಾತು ಬಂದಾಗ ಹಿಂದಿನ ಸಾಲಿನವರು ಬರೀ ತುಟಿ ಆಡಿಸುತ್ತಾರೆ. ಯಾರೋ ಒಬ್ಬರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಅನುಪಾಲನಾ ವರದಿಯ ಜೊತೆ ಅದೇ ಫೋಟೊ ಮೇಲಕ್ಕೆ ಹೋಗುತ್ತದೆ. ಆ ದಿನ ರಜೆ ಬಿದ್ದರೆ ಹಿಂದಿನ ದಿನವೇ ಮುಗಿಸಿಬಿಡುತ್ತೇವೆ.

ಇದನ್ನು ಆಡಿಕೊಳ್ಳಲು ಬರೆಯುತ್ತಿಲ್ಲ. ಪ್ರತಿಜ್ಞೆಯ ಮಾತುಗಳು ನನಗೆ ಇಷ್ಟವೇ. ನಮ್ಮ ದೇಶದ ಅಹಿಂಸೆ, ಸಹನೆಯ ಪರಂಪರೆಯಲ್ಲಿ ನಂಬಿಕೆ ಇಟ್ಟು ಎಲ್ಲ ಬಗೆಯ ಹಿಂಸೆಯನ್ನು ವಿರೋಧಿಸುತ್ತೇವೆ, ಶಾಂತಿ, ಸಾಮರಸ್ಯ ಉಳಿಸುತ್ತೇವೆ ಎಂದು ಅದರಲ್ಲಿದೆ. ಆದರೆ ಸತ್ತವರ ಬಗ್ಗೆ ಒಂದೇ ಒಂದು ಮಾತೂ ಇಲ್ಲ. ಯಾವುದರ ನೆನಪಿಗೆ ಅಷ್ಟು ಜನ ಕೈ ಚಾಚಿ ನಿಂತಿದ್ದೇವೆ ಅನ್ನುವುದು ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಮೇ 21 ಯಾಕೆ ಎಂದು ಕೇಳಿದರೆ ಹಿರಿಯ ಸಿಬ್ಬಂದಿ ಥಟ್ಟನೆ ಹೇಳುತ್ತಾರೆ, 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾದ ದಿನ. ಸರಿ. ಆದರೆ ಆ ರಾತ್ರಿ ಆ ಸ್ಫೋಟದಲ್ಲಿ ಅವರೊಬ್ಬರೇ ಸಾಯಲಿಲ್ಲ. ಭದ್ರತೆಗೆ ನಿಂತಿದ್ದ ಪೊಲೀಸರು, ಹಾರ ಹಿಡಿದು ಕಾದಿದ್ದ ಕಾರ್ಯಕರ್ತರು, ನಾಯಕರನ್ನು ನೋಡಲು ಬಂದವರು ಹೀಗೆ ಇನ್ನೂ ಹತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಚೇರಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ. ಇಡೀ ದೇಶ ನೆನಪಿಗೆಂದೇ ಇಟ್ಟುಕೊಂಡ ದಿನದ ಕಥೆಯೇ ಹೀಗೆ. ಉಳಿದ ದಿನಗಳ ಗತಿ ಕೇಳಲೇಬೇಡಿ.

ಬೆಂಗಳೂರಿನದ್ದೇ ತೆಗೆದುಕೊಳ್ಳಿ. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿನ ದಾಳಿಯಾಯಿತು. ಸಮ್ಮೇಳನಕ್ಕೆಂದು ದೆಹಲಿಯಿಂದ ಬಂದಿದ್ದ ಒಬ್ಬ ನಿವೃತ್ತ ಪ್ರಾಧ್ಯಾಪಕರು ತೀರಿಕೊಂಡರು. ಸರಿಯಾಗಿ ಒಂಬತ್ತು ವರ್ಷದ ಮೇಲೆ, 2014ರಲ್ಲಿ, ಅದೇ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟಿನಲ್ಲಿ ಬಾಂಬ್ ಸಿಡಿದು ಊರಿಗೆ ಬಂದಿದ್ದ ಒಬ್ಬ ಮಹಿಳೆ ತೀರಿಕೊಂಡರು. ಎರಡೂ ಒಂದೇ ತಾರೀಖು ಅನ್ನುವುದು ಎಷ್ಟು ಬೆಂಗಳೂರಿಗರಿಗೆ ಗೊತ್ತು? ಆ ಹೊತ್ತಿಗೆ ಚರ್ಚ್ ಸ್ಟ್ರೀಟಿನಲ್ಲಿ ಹೊಸ ವರ್ಷದ ದೀಪ ಕಟ್ಟುತ್ತಿರುತ್ತಾರೆ. ದೀಪ ಕಟ್ಟಬೇಡಿ ಅನ್ನುತ್ತಿಲ್ಲ. ಅಲ್ಲಿ ಜನ ತುಂಬಿ ತುಳುಕುವುದೇ ಸರಿ. 2008ರ ಜುಲೈ 25ರ ಸರಣಿ ಸ್ಫೋಟವಂತೂ ಹೆಚ್ಚಿನವರಿಗೆ ಮರೆತೇ ಹೋಗಿದೆ. ಮಡಿವಾಳದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಅವತ್ತು ಸತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದರು, ಅಷ್ಟೇ.

ದೆಹಲಿಯಲ್ಲಿ ನೆನಪಿನ ಗೋಡೆಗಳಿಲ್ಲ ಅಂತಲ್ಲ. ಇಂಡಿಯಾ ಗೇಟ್ ಪಕ್ಕದಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿದ್ದಾರೆ. ಅದಕ್ಕೂ ಮುಂಚೆ, 2018ರಲ್ಲಿ ಚಾಣಕ್ಯಪುರಿಯಲ್ಲಿ ಪೊಲೀಸರ ಸ್ಮಾರಕ ಬಂತು. ಅಲ್ಲಿಯೂ 34 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಎರಡೂ ಬರಬೇಕಾದ್ದೇ, ಬಂದದ್ದು ತಡವಾಯಿತು ಅನ್ನಬೇಕು. 2008ರ ಮುಂಬೈ ದಾಳಿಯಲ್ಲಿ ಒಂದು ಲಾಠಿ ಮಾತ್ರ ಹಿಡಿದು ಕಸಬ್‌ನ ಬಂದೂಕಿನ ನಳಿಗೆಯನ್ನೇ ಅಪ್ಪಿ ಹಿಡಿದ ತುಕಾರಾಂ ಓಂಬ್ಳೆ ಅವರಿಗೆ ಅಶೋಕ ಚಕ್ರ ಸಿಕ್ಕಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ ಸಿಕ್ಕಿತು. ಅವರ ಹೆಸರು ಹೇಳಿದರೆ ಈಗಲೂ ಇಲ್ಲಿನ ಜನರಿಗೆ ಗಂಟಲು ಕಟ್ಟುತ್ತದೆ.

ನಾನು ಕೇಳುತ್ತಿರುವುದು ಮೂರನೆಯವರ ಬಗ್ಗೆ. ಸಮವಸ್ತ್ರ ಇಲ್ಲದವರು. ಯಾವ ಪ್ರಮಾಣವನ್ನೂ ಮಾಡದೆ, ಸುಮ್ನೆ ಮನೆಗೆ ಹೊರಟಿದ್ದವರು.

2006ರ ಜುಲೈ 11ರ ಸಂಜೆ ಮುಂಬೈನ ಪಶ್ಚಿಮ ಮಾರ್ಗದ ಲೋಕಲ್ ರೈಲುಗಳಲ್ಲಿ ಹನ್ನೊಂದು ನಿಮಿಷದೊಳಗೆ ಏಳು ಬಾಂಬುಗಳು ಸಿಡಿದವು. ಆಫೀಸು ಬಿಡುವ ಹೊತ್ತು. ಫಸ್ಟ್ ಕ್ಲಾಸ್ ಬೋಗಿಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. 180ಕ್ಕೂ ಹೆಚ್ಚು ಜನ ಸತ್ತರು. ಮರುದಿನ ಅದೇ ಲೋಕಲ್‌ಗಳು ಓಡಿದವು, ಅದೇ ಜನ ಹತ್ತಿದರು. ಪತ್ರಿಕೆಗಳೆಲ್ಲ ಮುಂಬೈ ಎದೆಗಾರಿಕೆ ಅಂತ ಬರೆದವು. ನನಗೆ ಆ ಹೊಗಳಿಕೆ ಕೇಳಿದಾಗಲೆಲ್ಲ ಇರುಸುಮುರುಸಾಗುತ್ತದೆ. ಬೇರೆ ದಾರಿ ಇಲ್ಲದೆ ಕೆಲಸಕ್ಕೆ ಹೋದವರು ಅವರು. ಸಂಬಳ ಕಟ್ ಆಗಬಾರದಲ್ವಾ?

ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕು ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಯೋಧನಿಗೆ ಆ ಬೆಲೆ ಏನೆಂದು ಗೊತ್ತು, ಗೊತ್ತಿದ್ದೇ ಗಡಿಗೆ ಹೋಗುತ್ತಾನೆ. ಸಂಜೆ ಲೋಕಲ್ ಹತ್ತಿದ ಗುಮಾಸ್ತನನ್ನು ಯಾರೂ ಕೇಳಿರಲಿಲ್ಲ. ಹೆದರದೆ ರೈಲು ಹತ್ತುವುದು, ಸಂತೆಗೆ ಹೋಗುವುದು, ಹೋಟೆಲಿನಲ್ಲಿ ಕಾಫಿ ಕುಡಿಯುವುದು, ಇವೇ ತಾನೆ ನಮ್ಮ ದಿನನಿತ್ಯದ ಸ್ವಾತಂತ್ರ್ಯ? ದಾಳಿ ಮಾಡುವವರು ಕಿತ್ತುಕೊಳ್ಳಲು ನೋಡುವುದು ಇದನ್ನೇ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮತ್ತೆ ಬಾಗಿಲು ತೆರೆದಾಗ ಜನ ಸಾಲು ನಿಂತರು. ಮುಂಬೈ ರೈಲಿನಲ್ಲಿ ಸತ್ತವರ ಮನೆಯವರೂ ಹೀಗೇ ಮತ್ತೆ ರೈಲು ಹತ್ತಿದ್ದಾರೆ. ಅವರಿಗೆ ನಾವು ಏನಾದರೂ ಬಾಕಿ ಇದ್ದೇವೆ ಅನ್ನುವುದನ್ನು ಸರ್ಕಾರ ಎಲ್ಲಾದರೂ ಬರೆದಿಟ್ಟಿದೆಯಾ?

ನೆನಪಿನಲ್ಲೂ ಮೇಲು ಕೆಳಗು ಇದೆ, ಅದನ್ನೂ ಹೇಳಿಬಿಡುತ್ತೇನೆ. 26/11ರ ಆ ಮುಂಬೈ ದಾಳಿಯಲ್ಲಿ 166 ಜನ ಸತ್ತರು. ಟಿವಿ ಕ್ಯಾಮೆರಾಗಳು ಮೂರು ದಿನ ಹೋಟೆಲುಗಳ ಮುಂದೆಯೇ ಕೂತಿದ್ದವು. ಒಂದೇ ಜಾಗದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಸಿಎಸ್‌ಟಿ ರೈಲು ನಿಲ್ದಾಣದಲ್ಲಿ. ನೆಲದ ಮೇಲೆ ಗಂಟುಮೂಟೆ ಇಟ್ಟುಕೊಂಡು ದೂರದೂರಿನ ರೈಲಿಗೆ ಕಾಯುತ್ತಿದ್ದ ಜನ ಅವರು. ತಾಜ್ ಹೋಟೆಲು ತನ್ನಲ್ಲಿ ಸತ್ತ 31 ಮಂದಿಯ ಹೆಸರು ಬರೆಸಿ ಗೌರವಿಸಿದೆ, ಒಳ್ಳೆಯ ಕೆಲಸ. ಪ್ಲಾಟ್‌ಫಾರಂ ಮೇಲೆ ಸತ್ತವರಿಗೆ ಅಂಥ ಮಾಲೀಕರಿಲ್ಲ. ಅವರ ಪಾಲಿಗೆ ಇರುವುದು ಸರ್ಕಾರವೇ. 26/11ಕ್ಕಿಂತ ತಿಂಗಳೊಪ್ಪತ್ತು ಮುಂಚೆ, 2008ರ ಅಕ್ಟೋಬರ್ 30ರಂದು, ಅಸ್ಸಾಂನಲ್ಲಿ ಒಂದೇ ದಿನ ಹಲವು ಕಡೆ ಬಾಂಬ್ ಸಿಡಿದು 80ಕ್ಕೂ ಹೆಚ್ಚು ಜನ ಸತ್ತಿದ್ದರು. ಈ ಪತ್ರ ಓದುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಆ ತಾರೀಖು ನೆನಪಿದೆ?

ಹೊರಗಿನವರು ಹೇಗೆ ಮಾಡಿದ್ದಾರೆ ನೋಡಿ. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಗೆ ಉರುಳಿದ ಅವಳಿ ಕಟ್ಟಡಗಳು ನಿಂತಿದ್ದ ಜಾಗದಲ್ಲೇ ಎರಡು ದೊಡ್ಡ ಕೊಳ ಮಾಡಿ, ಸುತ್ತಲಿನ ಕಂಚಿನ ಅಂಚಿನಲ್ಲಿ 2,983 ಹೆಸರು ಕೊರೆದಿದ್ದಾರೆ. 1993ರಲ್ಲಿ ಅದೇ ಕಟ್ಟಡದ ಮೇಲಾದ ದಾಳಿಯಲ್ಲಿ ಸತ್ತ ಆರು ಜನರ ಹೆಸರೂ ಅಲ್ಲಿದೆ. ಹೆಸರುಗಳು ಅಕ್ಷರ ಕ್ರಮದಲ್ಲಿಲ್ಲ. ಯಾರ ಪಕ್ಕ ಯಾರ ಹೆಸರು ಇರಬೇಕು ಎಂದು ಮನೆಯವರನ್ನು ಕೇಳಿದರು. ಸಾವಿರಕ್ಕೂ ಹೆಚ್ಚು ಕೋರಿಕೆ ಬಂದವು. ಜೊತೆಗೆ ಕೆಲಸ ಮಾಡಿದವರು, ಗೆಳೆಯರು, ಅಣ್ಣತಮ್ಮಂದಿರು ಈಗ ಅಕ್ಕಪಕ್ಕದಲ್ಲಿದ್ದಾರೆ. ಗರ್ಭಿಣಿಯಾಗಿದ್ದವರ ಹೆಸರಿನ ಜೊತೆ ಹುಟ್ಟದ ಮಗುವನ್ನೂ ಸೇರಿಸಿದ್ದಾರೆ. ದಿನಾ ಬೆಳಿಗ್ಗೆ ಅಲ್ಲಿನ ಸಿಬ್ಬಂದಿ ಆ ದಿನ ಯಾರ ಹುಟ್ಟುಹಬ್ಬವೋ ಅವರ ಹೆಸರಿನ ಕೊರೆದ ಅಕ್ಷರದೊಳಗೆ ಒಂದೊಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ಸತ್ತ ದಿನ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಹುಟ್ಟಿದ ದಿನ ಮಾತ್ರ ಅವರವರದ್ದು. ಆ ಹೂವಿಗೆ ದೊಡ್ಡ ಬಜೆಟ್ ಬೇಕಾಗಿಲ್ಲ, ಸರಿಯಾದ ಪಟ್ಟಿ ಬೇಕು.

ಅಮೆರಿಕದವರಿಗೆ ದುಡ್ಡಿದೆ ಬಿಡಿ ಅನ್ನಬಹುದು. ಹಾಗಾದರೆ ಐರ್ಲೆಂಡಿನ ಕಡಲ ತೀರದ ಅಹಾಕಿಸ್ತಾ ಅನ್ನುವ ಪುಟ್ಟ ಹಳ್ಳಿಯನ್ನು ನೋಡಿ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬ್ ಸಿಡಿದು ಆ ಕಡಲಿಗೆ ಬಿತ್ತು. 329 ಜನ, ಅವರಲ್ಲಿ ಹೆಚ್ಚಿನವರು ಭಾರತ ಮೂಲದ ಕೆನಡಾದವರು. ಮರುವರ್ಷವೇ ಆ ಹಳ್ಳಿಯಲ್ಲಿ ಹೆಸರುಗಳಿರುವ ಸ್ಮಾರಕ ನಿಂತಿತು. ಈಗಲೂ ಪ್ರತಿ ಜೂನ್ 23ಕ್ಕೆ ಅಲ್ಲಿ ಜನ ಸೇರುತ್ತಾರೆ. ಕೆನಡಾ ಆ ಪ್ರಕರಣದಲ್ಲಿ ಮಾಡಿದ ಎಡವಟ್ಟು ಒಂದೆರಡಲ್ಲ. ಆದರೂ 2010ರಲ್ಲಿ ವಿಚಾರಣಾ ಆಯೋಗದ ವರದಿ ಬಂದ ಮೇಲೆ ಅವರ ಪ್ರಧಾನಿ ಮನೆಯವರ ಮುಂದೆ ನಿಂತು ಕ್ಷಮೆ ಕೇಳಿದರು. ಭಯೋತ್ಪಾದನೆಗೆ ಬಲಿಯಾದವರನ್ನು ನೆನೆಯುವ ಅವರ ರಾಷ್ಟ್ರೀಯ ದಿನವೂ ಜೂನ್ 23. ನಮ್ಮ ವಿಮಾನ, ನಮ್ಮವರು. ನಮ್ಮಲ್ಲಿ ಆ ತಾರೀಖಿಗೆ ಕಚೇರಿಗಳಿಗೆ ಒಂದು ಸುತ್ತೋಲೆಯೂ ಬರುವುದಿಲ್ಲ.

ಇನ್ನು ಸ್ವಲ್ಪ ಕಹಿ ಮಾತು. ಹೆಸರು ಕೆತ್ತಿಸುವುದಷ್ಟೇ ಗೌರವ ಅಲ್ಲ. ಕೊಂದವರು ಯಾರು ಎಂದು ನೆಟ್ಟಗೆ ಪತ್ತೆ ಹಚ್ಚುವುದೂ ಗೌರವವೇ. 2025ರ ಜುಲೈನಲ್ಲಿ ಮುಂಬೈಯಲ್ಲಿ ಹತ್ತು ದಿನದ ಅಂತರದಲ್ಲಿ ಎರಡು ತೀರ್ಪು ಬಂದವು. 21ರಂದು ಬಾಂಬೆ ಹೈಕೋರ್ಟ್ ರೈಲು ಸ್ಫೋಟದ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ 12 ಮಂದಿಯನ್ನೂ ಖುಲಾಸೆ ಮಾಡಿತು. ಅವರಲ್ಲಿ ಐವರಿಗೆ ಗಲ್ಲು ಶಿಕ್ಷೆಯಾಗಿತ್ತು, ಒಬ್ಬರು ತೀರ್ಪಿಗೆ ಮುಂಚೆಯೇ ಜೈಲುವಾಸದಲ್ಲಿ ತೀರಿಕೊಂಡಿದ್ದರು. 31ರಂದು ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ವಿಶೇಷ ನ್ಯಾಯಾಲಯ ಮಹಾರಾಷ್ಟ್ರದ 2008ರ ಮಾಲೆಗಾಂವ್ ಸ್ಫೋಟದ ಏಳೂ ಆರೋಪಿಗಳನ್ನು ಖುಲಾಸೆ ಮಾಡಿತು. ಅನುಮಾನ ಎಷ್ಟೇ ಬಲವಾಗಿದ್ದರೂ ಸಾಕ್ಷ್ಯದ ಜಾಗ ತುಂಬಲಾರದು ಎಂದಿತು. ರಂಜಾನ್ ತಿಂಗಳಲ್ಲಿ ಆದ ಆ ಸ್ಫೋಟದಲ್ಲಿ ಆರು ಜನ ಸತ್ತಿದ್ದರು.

ಮೊದಲ ತೀರ್ಪಿಗೆ ಒಂದು ಗುಂಪು ಸಂಭ್ರಮಪಟ್ಟಿತು, ಎರಡನೆಯದಕ್ಕೆ ಇನ್ನೊಂದು ಗುಂಪು. ಮೊದಲನೆಯದನ್ನು ಪ್ರಶ್ನಿಸಿ ಮಹಾರಾಷ್ಟ್ರ ಸರ್ಕಾರ ಮೂರೇ ದಿನದಲ್ಲಿ ಸುಪ್ರೀಂ ಕೋರ್ಟಿನಲ್ಲಿತ್ತು. ಯಾರು ತಪ್ಪಿತಸ್ಥರು ಎಂದು ತೀರ್ಮಾನಿಸಲು ನಾನು ಯಾರು? ಆದರೆ ಎರಡೂ ಕಡೆ ಸತ್ತವರ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ. ಹಾಗಾದರೆ ನಮ್ಮವರನ್ನು ಕೊಂದವರು ಯಾರು? ಹತ್ತೊಂಬತ್ತು ವರ್ಷ, ಹದಿನೇಳು ವರ್ಷ ಕಾದು ಮನೆಗೆ ತಗೊಂಡು ಹೋದ ಉತ್ತರ ಇದು.

ಗಾಂಧಿನಗರದ ಅಕ್ಷರಧಾಮ ದಾಳಿಯ ಪ್ರಕರಣ ಇನ್ನೂ ಕಲಕುತ್ತದೆ. 2002ರಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಭಯೋತ್ಪಾದನೆ ತಡೆಗೆಂದು ತಂದಿದ್ದ ಪೋಟಾ ಕಾಯ್ದೆಯಡಿ ಆರು ಜನರಿಗೆ ಶಿಕ್ಷೆಯಾಯಿತು, ಮೂವರಿಗೆ ಗಲ್ಲು. 2014ರ ಮೇ 16ರಂದು ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿತು. ಇಷ್ಟೊಂದು ಜೀವ ತೆಗೆದ ನಿಜವಾದ ಅಪರಾಧಿಗಳನ್ನು ಬಿಟ್ಟು ಅಮಾಯಕರನ್ನು ಹಿಡಿದಿರಿ ಎಂದು ತನಿಖೆ ಮಾಡಿದವರ ಮೇಲೆ ಬೇಸರ ತೋಡಿಕೊಂಡಿತು. ಅವತ್ತು ಲೋಕಸಭಾ ಚುನಾವಣೆಯ ಫಲಿತಾಂಶ. ಈ ಸುದ್ದಿಯನ್ನು ನೋಡಿದವರು ಕಡಿಮೆ.

ಸ್ವಾತಂತ್ರ್ಯದ ಬೆಲೆಯ ಲೆಕ್ಕದಲ್ಲಿ ಈ ವರ್ಷಗಳೂ ಸೇರಬೇಕು. ಪ್ರತಿ ದೊಡ್ಡ ದಾಳಿಯ ಮೇಲೆ ಕಾನೂನು ಬಿಗಿಯಾಗುತ್ತದೆ. ಟಾಡಾ ಬಂತು, ಹೋಯಿತು. ಪೋಟಾ ಬಂತು, 2004ರಲ್ಲಿ ಹೋಯಿತು. 26/11 ಆಗಿ ತಿಂಗಳೊಳಗೆ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ತಿದ್ದುಪಡಿಗೆ ಸಂಸತ್ತು ಒಪ್ಪಿತು. ಆರೋಪಪಟ್ಟಿ ಇಲ್ಲದೆ 180 ದಿನದವರೆಗೆ ಒಳಗಿಡಬಹುದು, ಜಾಮೀನು ಸಿಗುವುದು ಬಲು ಕಷ್ಟ. ಬಿಗಿ ಬೇಡ ಎಂದು ನಾನು ಹೇಳುವುದಿಲ್ಲ. ಮೆಟ್ರೊ ಹತ್ತುವಾಗ ಬ್ಯಾಗನ್ನು ಯಂತ್ರದೊಳಗೆ ಹಾಕಲು ನನಗೇನೂ ಬೇಜಾರಿಲ್ಲ. ಆದರೆ ಅಷ್ಟೆಲ್ಲ ಅಧಿಕಾರ ಕೊಟ್ಟ ಮೇಲೂ ತನಿಖೆ ಸೋತರೆ, ಯಾಕೆ ಸೋತಿತು ಎಂದು ಸತ್ತವರ ಮನೆಗೆ ಬರೆದು ತಿಳಿಸುವ ಒಂದು ಪದ್ಧತಿಯಾದರೂ ಬೇಕಲ್ವಾ?

ಪರಿಹಾರದ ಮಾತು ಬೇಗ ಮುಗಿಸುತ್ತೇನೆ. ಭಯೋತ್ಪಾದಕ, ಕೋಮು, ನಕ್ಸಲ್ ಹಿಂಸೆಯಲ್ಲಿ ಸತ್ತ ಸಾಮಾನ್ಯರ ಕುಟುಂಬಕ್ಕೆ ನಿಮ್ಮ ಸಚಿವಾಲಯದ ಯೋಜನೆ 2008ರಿಂದ ಇದೆ. 3 ಲಕ್ಷ ಇದ್ದದ್ದನ್ನು 2016ರಲ್ಲಿ 5 ಲಕ್ಷ ಮಾಡಿದಿರಿ. ಅಂಗವೈಕಲ್ಯ ಶೇ 50 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೂ ಸಿಗುತ್ತದೆ. 2016ರಲ್ಲಿ 5 ಲಕ್ಷಕ್ಕೆ ಇದ್ದ ಬೆಲೆ ಈಗಿಲ್ಲ. ಗಾಯಾಳುಗಳನ್ನಂತೂ ಎಲ್ಲರೂ ಮರೆಯುತ್ತಾರೆ. 2005ರ ಅಕ್ಟೋಬರ್ 29, ದೀಪಾವಳಿಯ ಖರೀದಿಯ ಭರಾಟೆ. ದೆಹಲಿಯ ಸರೋಜಿನಿ ನಗರ, ಪಹಾಡ್‌ಗಂಜ್‌ಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತ ಅದೇ ಸಂಜೆ ಗೋವಿಂದಪುರಿಯಲ್ಲಿ ಒಂದು ಸಿಟಿ ಬಸ್ಸಿನಲ್ಲೂ ಬಾಂಬ್ ಇತ್ತು. ಚಾಲಕರು ಪ್ರಯಾಣಿಕರನ್ನೆಲ್ಲ ಇಳಿಸಿ, ಅದನ್ನು ತಾವೇ ಹೊರಗೆ ಸಾಗಿಸಲು ಹೋಗಿ ಎರಡೂ ಕಣ್ಣು ಕಳೆದುಕೊಂಡರು. ಬಸ್ಸಿನಲ್ಲಿದ್ದವರು ಬದುಕಿದರು. ಯಾವ ಗೋಡೆಯ ಮೇಲೆ ಬರೆಯುತ್ತೀರಿ ಅವರನ್ನು?

ಈ ಪತ್ರದಲ್ಲಿ ನಾನು ಒಬ್ಬ ಸಾಮಾನ್ಯರ ಹೆಸರನ್ನೂ ಬರೆದಿಲ್ಲ ಎಂದು ಓದಿದವರಿಗೆ ಅನ್ನಿಸಿರಬಹುದು. ಬೇಕೆಂದೇ ಬರೆದಿಲ್ಲ. ಮನೆಯವರನ್ನು ಕೇಳದೆ ಬರೆಯಲು ನನಗೆ ಹಕ್ಕಿಲ್ಲ. ನೀವೂ ಕೇಳದೆ ಬರೆಯಬೇಡಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದಾಗ ಏನಾಯಿತು ನೋಡಿದಿರಲ್ಲ. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಮದುವೆಯಾಗಿ ವಾರ ಕಳೆಯುವುದರೊಳಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಇದಕ್ಕಾಗಿ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಸಾಧಿಸಬೇಡಿ, ನಮಗೆ ನ್ಯಾಯ ಬೇಕು ಎಂದಳು. ಅಷ್ಟಕ್ಕೇ ಅವಳ ಮೇಲೆ ಜನ ಮುಗಿಬಿದ್ದರು. ಗಂಡನ ಫೋಟೊವನ್ನು ಅಷ್ಟು ದಿನ ಸ್ಟೇಟಸ್ಸಿನಲ್ಲಿ ಹಾಕಿಕೊಂಡಿದ್ದವರೇ ಹೆಂಡತಿಯನ್ನು ಬೈದರು. ರಾಷ್ಟ್ರೀಯ ಮಹಿಳಾ ಆಯೋಗ ಮಧ್ಯೆ ಬಂದು ಇದು ತಪ್ಪು ಎಂದು ಹೇಳಬೇಕಾಯಿತು. ಸತ್ತವರು ನಮ್ಮ ಜಗಳಕ್ಕೆ ಸಾಮಾನಲ್ಲ. ಅವರ ಬಗ್ಗೆ ಮೊದಲ ಮಾತು ಮನೆಯವರದ್ದು.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಕಲ್ಲಿನ ಸ್ಮಾರಕ ಆಮೇಲೆ ಬರಲಿ, ಅದಕ್ಕೆ ಟೆಂಡರು, ಜಾಗ, ಉದ್ಘಾಟನೆ ಎಲ್ಲ ಆಗಬೇಕು. ಮೊದಲು ಒಂದು ಪಟ್ಟಿ ಮಾಡಿಸಿ. ಕಾಗದಗಳು ಇದ್ದೇ ಇವೆ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪರಿಹಾರದ ಕಡತ, ಎಲ್ಲವೂ ಜಿಲ್ಲಾ ಕಚೇರಿಗಳಲ್ಲಿ ಧೂಳು ಹಿಡಿದು ಕೂತಿವೆ. ಆ ಕಡತದಿಂದ ಮನೆಯ ವಿಳಾಸ ಹಿಡಿದು, ಒಬ್ಬ ಜವಾಬ್ದಾರಿಯುತ ಅಧಿಕಾರಿ ಹೋಗಿ ಕೇಳಲಿ. ಹೆಸರು ಸೇರಿಸಬಹುದೇ? ಹೇಗೆ ಬರೆಯಬೇಕು? ಜೊತೆಗೆ ಒಂದು ಸಾಲು ಬೇಕೇ? ಬೇಡ ಅಂದರೆ ಬೇಡ. ಹೆಸರು ಅವರ ಭಾಷೆಯಲ್ಲೇ ಇರಲಿ, ಅಸ್ಸಾಮಿ ಅಂದರೆ ಅಸ್ಸಾಮಿ, ಉರ್ದು ಅಂದರೆ ಉರ್ದು. ಪ್ರಕರಣ ಎಲ್ಲಿಗೆ ಬಂತು ಎಂದು ವರ್ಷಕ್ಕೊಮ್ಮೆ ಅದೇ ಮನೆಗೆ ಒಂದು ಕಾಗದ ಹೋಗಲಿ. ಮೇ 21ರಂದು ಪ್ರತಿಜ್ಞೆ ಮುಗಿದ ಮೇಲೆ ಪ್ರತಿ ಕಚೇರಿಯಲ್ಲೂ ಐದು ಹೆಸರು ಓದಲಿ. ಒಂದೊಂದು ವರ್ಷ ಬೇರೆ ಬೇರೆ ಐದು. ಅವರ ಊರು, ವಯಸ್ಸು, ಏನು ಕೆಲಸ ಮಾಡುತ್ತಿದ್ದರು, ಇಷ್ಟಿದ್ದರೆ ಸಾಕು. ಎರಡು ನಿಮಿಷವೂ ಜಾಸ್ತಿ ಆಗುವುದಿಲ್ಲ.

ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅನ್ನುವ ಜಗಳ ಬರುತ್ತದೆ, ಗೊತ್ತು. ಅದಕ್ಕೆ ನಿಮ್ಮ ಯೋಜನೆಯ ನಿಯಮವೇ ಸಾಕು. ಪರಿಹಾರಕ್ಕೆ ಯಾರು ಅರ್ಹರೋ ಅವರು ಪಟ್ಟಿಗೂ ಅರ್ಹರು. ಯೋಜನೆ ಬರುವ ಮುಂಚೆ ಸತ್ತವರಿಗೂ ಅದೇ ಅಳತೆ ಹಾಕಿ. ಪಟ್ಟಿಯಲ್ಲಿ ಜಾತಿ, ಧರ್ಮದ ಕಾಲಂ ಇಡಬೇಡಿ. ಮಾಲೆಗಾಂವ್‌ನವರು, ಅಕ್ಷರಧಾಮದವರು, ಅಸ್ಸಾಂನವರು, ಪಹಲ್ಗಾಮ್‌ನವರು ಎಲ್ಲ ಒಂದೇ ಪುಸ್ತಕದಲ್ಲಿ ಬರಲಿ. ಯಾರ ಕಾಲದಲ್ಲಿ ಯಾವ ದಾಳಿ ಆಯಿತು ಎಂದು ಪಕ್ಷಗಳು ಕಿತ್ತಾಡಲು ಬೇರೆ ಜಾಗ ಬೇಕಾದಷ್ಟಿದೆ.

ಈ ಪತ್ರದ ಒಂದು ಪ್ರತಿಯನ್ನು ನಮ್ಮ ಮುಖ್ಯಮಂತ್ರಿಯವರಿಗೂ ಕಳಿಸುತ್ತಿದ್ದೇನೆ. ದೆಹಲಿಯಲ್ಲಿ ತಡವಾದರೆ ಕರ್ನಾಟಕವೇ ಮೊದಲು ಶುರು ಮಾಡಬಹುದು, ನಮ್ಮ ಪಟ್ಟಿ ಅಷ್ಟೇನೂ ಉದ್ದವಿಲ್ಲ. ನಿಮ್ಮಿಂದ ಉತ್ತರ ಬಂದರೆ ಅದನ್ನೂ ಹೀಗೇ ಬಹಿರಂಗವಾಗಿ ಎಲ್ಲರಿಗೂ ಓದಲು ಕೊಡುತ್ತೇನೆ.

ಇಂತಿ,
ರಾಜ್ಯ ಸರ್ಕಾರದ ಒಬ್ಬ ನೌಕರ,
ಬೆಂಗಳೂರು